ಐದು ಮನೆ ಶ್ರುತಿ

“ಸಂಜೆ ಆರಕ್ಕೆ ಪಿಕಪ್ ಇದೆ, ಮರೀಬೇಡಿ” ಎಂದು ಇವಳು ಬೆಳಿಗ್ಗೆಯೇ ಹೇಳಿದ್ದಳು. ನಾನು ಮರೆಯಲಿಲ್ಲ. ಐದೂವರೆಗೇ ಸೊಸೈಟಿಯ ಗೇಟಿಗೆ ಇಳಿದು, ಗಾರ್ಡ್ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಒಳಬರುವ ಒಬ್ಬೊಬ್ಬ ಕೊರಿಯರ್ ಹುಡುಗನನ್ನೂ ಬೀಗರನ್ನು ಎದುರುಗೊಳ್ಳುವವನ ಹಾಗೆ ಎದ್ದೆದ್ದು ನೋಡಿದೆ. ಆರೂ ಇಪ್ಪತ್ತಕ್ಕೆ ಮಗಳ ಫೋನ್ ಬಂತು. “ಅಪ್ಪಾ, ಎಲ್ಲಿದೀಯಾ? ಸೆಕ್ಟರ್ 18ರ ಮೆಟ್ರೋ ಕೆಳಗೆ ಇಪ್ಪತ್ತು ನಿಮಿಷದಿಂದ ಹೊಗೆ ಕುಡೀತಾ ನಿಂತಿದೀನಿ.”

ಇವಳು ಹೇಳಿದ್ದು ಮಗಳ ಪಿಕಪ್. ನಾನು ಕಾಯುತ್ತಿದ್ದದ್ದು ಗಿಟಾರಿನ ಪಿಕಪ್.

ತಪ್ಪು ಪೂರ್ತಿ ನನ್ನದೇ ಅಂತ ಹೇಳಲಾರೆ. ನೋಯ್ಡಾದಲ್ಲಿ ಈ ಪದಕ್ಕೆ ಸಿಕ್ಕಾಪಟ್ಟೆ ಕೆಲಸ. ಮಕ್ಕಳನ್ನು ಕೋಚಿಂಗಿನಿಂದ ಕರೆತರುವುದು ಪಿಕಪ್, ಫೋನ್ ಎತ್ತುವುದು ಪಿಕಪ್, ಗೋಡೆಗೆ ಟೈಲ್ಸ್ ಹೊತ್ತು ತರುವ ಗಾಡಿಯೂ ಪಿಕಪ್ಪೇ. ನನ್ನ ತಲೆಯಲ್ಲಿ ಮಾತ್ರ ಒಂದೂವರೆ ವರ್ಷದಿಂದ ಅದಕ್ಕೆ ಒಂದೇ ಅರ್ಥ: ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆಯ ಮೇಲೆ, ತಂತಿಗಳ ಕೆಳಗೆ, ಬೆಂಕಿಪೊಟ್ಟಣದ ಗಾತ್ರದಲ್ಲಿ ಕೂತಿರುವ ಆಯಸ್ಕಾಂತ.

ಹುಚ್ಚು ಹಳೆಯದು. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಬಂದಾಗ ನನಗೆ ಹತ್ತು ವರ್ಷ. ಇಳಯರಾಜರ ಸಂಗೀತ ಕೇಳಿ, ಚಿತ್ರಮಂದಿರದಿಂದ ಮೈಸೂರಿನ ನಮ್ಮ ಮನೆವರೆಗೂ ಇಲ್ಲದ ಗಿಟಾರನ್ನು ಬಾರಿಸುತ್ತಲೇ ನಡೆದಿದ್ದೆ. ಆಮೇಲೆ ಎಂಜಿನಿಯರಿಂಗು, ಸಾಲ, ಮದುವೆ, ವರ್ಗ, ಕೊನೆಗೆ ಸೆಕ್ಟರ್ 62ರ ಎರಡು ಬೆಡ್‌ರೂಮಿನ ಈ ಮನೆ. ಐವತ್ತು ದಾಟಿದ ಮೇಲೆ ಕೆಲವರು ಯೋಗಕ್ಕೆ ಬೀಳುತ್ತಾರೆ, ಕೆಲವರು ಷೇರಿಗೆ. ನಾನು ಮೂರು ಪಿಕಪ್ಪಿನ ಒಂದು ಅಗ್ಗದ ಗಿಟಾರಿಗೂ ಹತ್ತು ವಾಟಿನ ಆಂಪಿಗೂ ಬಿದ್ದೆ.

ಮನೆಯಲ್ಲಿ ಬೇಡಿಕೆ ಮೂರು. ಅಮ್ಮನಿಗೆ ಕಲ್ಯಾಣಿ. ಅವಳು ಹರೆಯದಲ್ಲಿ ಹತ್ತು ವರ್ಷ ವೀಣೆ ಕಲಿತವಳು. ಇವಳಿಗೆ ರಾಜನ್–ನಾಗೇಂದ್ರ. ಮಗಳಿಗೆ ಗೋಡೆ ಬೀಳಿಸುವ ಹಾಗೆ ಅರಚುವ ಮೆಟಲ್. ಮೂವರನ್ನೂ ಒಲಿಸುವ ಒಂದೇ ಪಿಕಪ್ ಹುಡುಕಬೇಕು ಎಂದು ನಾನು ಸಂಕಲ್ಪ ಮಾಡಿದೆ. ಈ ಮೂರರಲ್ಲಿ ಒಂದೂ ನನಗೆ ನುಡಿಸಲು ಬರುವುದಿಲ್ಲ ಎನ್ನುವುದು ಬೇರೆ ವಿಷಯ. ಅಡಿಗೆ ಬರದವನೇ ತಾನೇ ಅಂಗಡಿಯಲ್ಲಿ ನಿಂತು ಬಾಣಲೆಗಳನ್ನು ತಟ್ಟಿ ತಟ್ಟಿ ನೋಡುವುದು?

“ಇಷ್ಟಕ್ಕೂ ಅದರೊಳಗೆ ಏನಿದೇರಿ?” ಎಂದು ಇವಳು ಒಮ್ಮೆ ಕೇಳಿದಳು. ಕೇಳಬಾರದಿತ್ತು. ಇಂಥ ಪ್ರಶ್ನೆಗೆ ನಾನು ವರ್ಷಗಳಿಂದ ಬಾಯಾರಿದ್ದೆ.

“ಆಯಸ್ಕಾಂತದ ಸುತ್ತ ತಾಮ್ರದ ತಂತಿ. ಒಂದೆರಡು ಸುತ್ತಲ್ಲ, ಸುಮಾರು ಎಂಟು ಸಾವಿರ ಸುತ್ತು. ಬಿಚ್ಚಿ ಎಳೆದರೆ ಒಂದು ಕಿಲೋಮೀಟರಿಗೂ ಹೆಚ್ಚು. ನಮ್ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಮುಟ್ಟುತ್ತೆ. ದಪ್ಪ ಎಷ್ಟು ಗೊತ್ತಾ? 0.06 ಮಿಲಿಮೀಟರ್. ತಲೆಗೂದಲಿನಷ್ಟು.”

“ಕೂದಲಿನ ವಿಷಯ ನೀವು ಎತ್ತಬೇಡಿ. ಮುಂದೆ ಹೇಳಿ.”

“ಮೇಲೆ ಉಕ್ಕಿನ ತಂತಿ ಅದುರಿದರೆ ಕೆಳಗೆ ಆಯಸ್ಕಾಂತದ ಬಲ ಅಲ್ಲಾಡುತ್ತೆ. ಅದು ಅಲ್ಲಾಡಿದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತೆ. 1831ರಲ್ಲಿ ಫ್ಯಾರಡೆ...”

“ಎನ್‌ಸಿಇಆರ್‌ಟಿ ಫಿಸಿಕ್ಸ್, ಹನ್ನೆರಡನೇ ಕ್ಲಾಸು, ಆರನೇ ಪಾಠ” ಎಂದಳು ಮಗಳು, ಮೊಬೈಲಿನಿಂದ ತಲೆಯೆತ್ತದೆ. “ನಾಡಿದ್ದು ಅದರದ್ದೇ ಟೆಸ್ಟು.”

ಆಯಸ್ಕಾಂತದಲ್ಲೂ ಜಾತಿಗಳಿವೆ ಎಂದು ನಾನು ಮುಂದುವರಿಸಿದೆ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದ ಜೊತೆ ಬೆರೆಸಿದರೆ ಆಲ್ನಿಕೋ. ಅದರ ನಾದ ಬೆಣ್ಣೆ. ಇನ್ನೊಂದು ಸೆರಾಮಿಕ್. ಅದರ ನಾದ ಚಕ್ಕುಲಿ. ನನ್ನ ಗಿಟಾರಿನಲ್ಲಿರುವುದು ಸೆರಾಮಿಕ್.

“ನಮ್ಮ ಫ್ರಿಜ್ ಬಾಗಿಲ ಮೇಲೆ ಹಾಲಿನ ಲೆಕ್ಕ ಹಿಡಿದುಕೊಂಡಿದೆಯಲ್ಲ, ಆ ಜಾತಿ?”

ಹೌದೆನ್ನಬೇಕಾಯಿತು. ಒಳ್ಳೆಯ ಪಿಕಪ್ಪಿಗೆ ಹತ್ತು ಸಾವಿರದ ಆಸುಪಾಸು ಆಗುತ್ತದೆ ಎಂದೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ. ಇವಳು ಎದ್ದು ಹೋಗಿ ದೇವರ ಮನೆಯ ತಾಮ್ರದ ಚೊಂಬನ್ನು ತಂದು ನನ್ನ ಕೈಯಲ್ಲಿಟ್ಟಳು. “ಇದನ್ನ ನಿಮ್ಮ ಅಜ್ಜಿ ಸುಬ್ಬರಾಯನಕೆರೆ ಹತ್ರ ಎರಡು ರೂಪಾಯಿಗೆ ತಂದಿದ್ದರಂತೆ. ತೂಕ ನೋಡಿ.”

ನನ್ನ ಗಿಟಾರಿನ ದೊಡ್ಡ ರೋಗ ಎಂದರೆ ಗುಂಯ್. ಅದರಲ್ಲಿರುವ ಮೂರೂ ಒಂಟಿ ಸುರುಳಿಯ ಪಿಕಪ್ಪುಗಳು. ಒಂಟಿ ಸುರುಳಿ ಬಲು ಸೂಕ್ಷ್ಮ. ಹಾಗಾಗಿಯೇ ಅದಕ್ಕೆ ಮರ್ಯಾದೆ ಗೊತ್ತಿಲ್ಲ. ತಂತಿಯ ಅದುರನ್ನು ಹಿಡಿಯುವ ಹಾಗೆಯೇ ಗೋಡೆಯೊಳಗಿನ ವೈರು, ಅಡಾಪ್ಟರು, ಟ್ರಾನ್ಸ್‌ಫಾರ್ಮರು ಎಲ್ಲದರ ಅದುರನ್ನೂ ಹಿಡಿದು ಆಂಪಿಗೆ ಚಾಡಿ ಹೇಳುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದಲ್ಲ, ಆ ಓಡಾಟವೆಲ್ಲ ನನ್ನ ಸ್ಪೀಕರಿನಲ್ಲಿ. ಇವಳು ಇಂಡಕ್ಷನ್ ಒಲೆ ಹಚ್ಚಿದರೆ ಒಂದು ಸದ್ದು, ಮಿಕ್ಸಿ ತಿರುಗಿಸಿದರೆ ಇನ್ನೊಂದು. ನವೆಂಬರ್ ಬಂತೆಂದರೆ ಏರ್ ಪ್ಯೂರಿಫೈಯರಿನದು ಮೂರನೆಯದು. ಅಡಿಗೆಮನೆಯಲ್ಲಿ ಏನಾಗುತ್ತಿದೆ ಎಂದು ಗಿಟಾರ್ ಹಿಡಿದು ಕೂತೇ ಹೇಳಬಲ್ಲೆ. ಹೇಳಿ ಬೈಸಿಕೊಂಡೂ ಇದ್ದೇನೆ: “ಒಲೆ ಹಚ್ಚಿದೀನಿ ಅಂತ ಗೊತ್ತಾಗುತ್ತೆ, ಹಾಲು ಉಕ್ಕಿದ್ದು ಗೊತ್ತಾಗಲ್ವಾ?”

ಈ ಗುಂಯ್ ಒಬ್ಬರಿಗೆ ಮಾತ್ರ ವರವಾಯಿತು. ಅಮ್ಮನಿಗೆ ಕಿವಿ ಮಿಷನ್ನು ಬಂದು ವರ್ಷವಾಗಿತ್ತು. ಅದರಲ್ಲಿ ‘ಟಿ’ ಎಂಬ ಒಂದು ಸ್ಥಾನವಿದೆ. ಅಲ್ಲಿಗೆ ಹಾಕಿದರೆ ಮೈಕು ಮುಚ್ಚಿಕೊಂಡು, ಒಳಗಿರುವ ಸಣ್ಣ ಸುರುಳಿಯೊಂದು ಕೇಳಿಸಿಕೊಳ್ಳುತ್ತದೆ. ಆ ಸೌಕರ್ಯ ಇರುವ ಫೋನು, ಸಭಾಂಗಣಗಳಿಗೆಂದು ಮಾಡಿದ್ದು. ಅಮ್ಮನ ಬೆರಳು ತಾಗಿ ಅದು ಆಗಾಗ ‘ಟಿ’ಗೆ ಹೋಗುತ್ತಿತ್ತು. ಆಗೆಲ್ಲ ಅಮ್ಮ, “ಈ ಮೂಲೇಲಿ ಯಾರೋ ಗುಂಯ್ ಅಂತಾರೆ ಕಣೋ” ಅನ್ನುತ್ತಿದ್ದಳು. ವಯಸ್ಸಾಯಿತು ಎಂದುಕೊಂಡು ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಗಿಟಾರ್ ಬಂದ ಮೇಲೆ ಒಂದು ಸಂಜೆ ನಾನು ಅದೇ ಮೂಲೆಯಲ್ಲಿ, ಇನ್ವರ್ಟರಿನ ಹತ್ತಿರ, ಸ್ಟೂಲು ಹಾಕಿಕೊಂಡು ಕೂತೆ. ಆಂಪು “ಗುಂಯ್” ಅಂದಿತು. ಅಮ್ಮ ಕೂತಲ್ಲಿಂದ ಎದ್ದು ನಿಂತು, “ಇದೇ! ಇವನೇ!” ಅಂದಳು. ನನ್ನ ಪಿಕಪ್ಪು, ಅಮ್ಮನ ಕಿವಿಯೊಳಗಿನ ಸುರುಳಿ, ಎರಡೂ ಒಂದೇ ಕುಲ. ಒಂದು ವರ್ಷದಿಂದ ನಾವ್ಯಾರೂ ನಂಬದ ಮಾತನ್ನು ನನ್ನ ಗಿಟಾರ್ ಸಾಕ್ಷಿ ನುಡಿದು ಸಾಬೀತು ಮಾಡಿತ್ತು. ಈವರೆಗೆ ಅದು ನುಡಿದದ್ದರಲ್ಲಿ ಶ್ರುತಿಬದ್ಧವಾದದ್ದು ಅದೊಂದೇ.

ಅಮ್ಮ ಕಣ್ಣು ಮುಚ್ಚಿ ಇನ್ನಷ್ಟು ಕೇಳಿದಳು. “ಐದು ಮನೆ ಶ್ರುತಿ. ಒಂಚೂರು ಏರಿದೆ.”

“ಐದೇ ಮನೆಯೇ? ಇಡೀ ಟವರಿಂದ ಬರ್ತಿದೆ ಅತ್ತೆ” ಅಂದಳು ಇವಳು.

ಆಮೇಲೆ ಲೆಕ್ಕ ಹಾಕಿ ನೋಡಿದೆ. ಅಮ್ಮ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿಲ್ಲ. ಐದನೇ ಮನೆಯ ಷಡ್ಜ, ಅಂದರೆ ಪಾಶ್ಚಾತ್ಯರ ‘ಜಿ’, ಕೆಳಗಿನ ಸ್ಥಾಯಿಯಲ್ಲಿ 49 ಹರ್ಟ್ಸ್. ನಮ್ಮ ಕರೆಂಟು 50. ಅಮೆರಿಕದ ಕರೆಂಟು 60. ಅಲ್ಲಿಯ ಗುಂಯ್‌ಗೆ ಶ್ರುತಿ ಬೇರೆ. ಅಂದಿನಿಂದ ನಾನು ಸಂಜೆ ಅಭ್ಯಾಸಕ್ಕೆ ಕೂತಾಗಲೆಲ್ಲ ಅಮ್ಮ ದಿವಾನದ ತುದಿಗೆ ಬಂದು ಕೂತು ಮೆಲ್ಲಗೆ ಏನೋ ಗುನುಗತೊಡಗಿದಳು. ನನ್ನ ವಾದನಕ್ಕೆ ಮನಸೋತಿದ್ದಾಳೆ ಎಂದು ತಿಳಿದು ನಾನು ದಿನಕ್ಕೆ ಹತ್ತು ನಿಮಿಷ ಹೆಚ್ಚಿಗೆ ಬಾರಿಸಿದೆ.

ಆದರೂ ಗುಂಯ್ ಹೋಗಬೇಕಿತ್ತು. ಅದಕ್ಕೆ ಮದ್ದು ಜಗತ್ತಿನಲ್ಲಿ ಆಗಲೇ ಇದೆ, ಹೆಸರು ಹಮ್‌ಬಕರ್. ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಅದಕ್ಕೆ ಪೇಟೆಂಟ್ ಕೇಳಿದ. ಉಪಾಯ ಸರಳ: ಅಕ್ಕಪಕ್ಕ ಎರಡು ಸುರುಳಿ. ಒಂದರ ಆಯಸ್ಕಾಂತ ಉತ್ತರಕ್ಕಾದರೆ ಇನ್ನೊಂದರದು ದಕ್ಷಿಣಕ್ಕೆ. ಒಂದರ ಸುತ್ತು ಬಲಕ್ಕಾದರೆ ಇನ್ನೊಂದರದು ಎಡಕ್ಕೆ. ಗೋಡೆಯ ಗುಂಯ್‌ಗೆ ಆಯಸ್ಕಾಂತದ ಹಂಗಿಲ್ಲ. ಅದು ಎರಡು ಸುರುಳಿಗಳಲ್ಲಿ ಎದುರುಬದುರಾಗಿ ಹುಟ್ಟಿ ಪರಸ್ಪರ ಹೊಡೆದಾಡಿ ಸಾಯುತ್ತದೆ. ತಂತಿಯ ನಾದ ಮಾತ್ರ ಎರಡು ಸಲ ತಿರುಗಿ, ಮೈನಸ್ಸು ಮೈನಸ್ಸು ಸೇರಿ ಪ್ಲಸ್ಸಾಗಿ, ಇಮ್ಮಡಿಯಾಗುತ್ತದೆ. ಪೇಟೆಂಟ್ ಕೈಗೆ ಬಂದದ್ದು 1959ರಲ್ಲಿ. ಆ ಕಾಲದಲ್ಲಿ ಪಿಕಪ್ಪಿನ ಬೆನ್ನಿಗೆ ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಎಂದು ಚೀಟಿ ಅಂಟಿಸುತ್ತಿದ್ದರು. ಆ ಚೀಟಿಯ ಹಳೆಯ ಪಿಕಪ್ಪುಗಳಿಗೆ ಈಗ ಲಕ್ಷದ ಮೇಲೆ ಬೆಲೆ. ಫ್ಲ್ಯಾಟಿಗೆ ಪೂರ್ತಿ ದುಡ್ಡು ಕಟ್ಟಿಯೂ ರಿಜಿಸ್ಟ್ರಿಗೆ ಕಾಯುತ್ತಿರುವ ನೋಯ್ಡಾದವರಿಗೆ ಇದನ್ನು ಕೇಳಿ ಸ್ವಲ್ಪ ಧೈರ್ಯ ಬರಬಹುದು.

“ಹಮ್‌ಬಕರ್ರಾ?” ಇವಳು ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿದಳು. “ಇಲ್ಲಿ ಹಮ್ ಅಂದ್ರೆ ನಾವು. ನಮ್ಮ ಬಕಬಕ ಕೇಳಿಸಬಾರದು ಅಂತ ಹತ್ತು ಸಾವಿರ ಕೊಟ್ಟು ತರಿಸ್ತಿದೀರ. ಮೂವತ್ತು ವರ್ಷದಿಂದ ಪುಕ್ಕಟೆಯಾಗೇ ಕೇಳಿಸ್ತಿರಲಿಲ್ಲವಲ್ಲ?”

ಆರು ತಿಂಗಳು ಓದಿ, ವಿಡಿಯೋ ನೋಡಿ, ಹಗಲು ಇದು ಸರಿ ರಾತ್ರಿ ಅದು ಸರಿ ಎಂದು ತೂಗಿ, ಕೊನೆಗೆ ಒಂದನ್ನು ಆರಿಸಿದೆ. ಒಂಟಿ ಸುರುಳಿಯ ಗೂಡಿನಲ್ಲೇ ಎರಡು ಸುರುಳಿಗಳನ್ನು ಸಣಕಲಾಗಿಸಿ ತೂರಿಸಿದ ಹಮ್‌ಬಕರ್ ಅದು. ಒಂದು ರೂಮಿನಲ್ಲಿ ಎರಡು ಸಂಸಾರ. ಈ ಊರಿಗೆ ಹೊಸದೇನಲ್ಲ. ಅದರ ದೊಡ್ಡ ಗುಣ ಇನ್ನೊಂದು. ಎಳೆದು ಒತ್ತುವ ಒಂದು ನಾಬ್ ಜೋಡಿಸಿದರೆ, ಒತ್ತಿದಾಗ ಎರಡೂ ಸುರುಳಿ, ಎಳೆದಾಗ ಒಂದೇ ಸುರುಳಿ. ಮಗಳಿಗೆ ಮೆಟಲ್ ಬೇಕೇ? ಒತ್ತು. ಇವಳಿಗೆ ರಾಜನ್–ನಾಗೇಂದ್ರರ ತಿಳಿ ನಾದ ಬೇಕೇ? ಎಳೆ. ಬಹುಮುಖ ಪ್ರತಿಭೆ ಎನ್ನುವುದು ಕಲಾವಿದನಲ್ಲಿ ಇರದಿದ್ದರೂ ಬಿಡಿ ಭಾಗದಲ್ಲಿ ಇರಬೇಕು.

ರಾಜ್ಯೋತ್ಸವ ಕಳೆದ ವಾರ ಪೊಟ್ಟಣ ಬಂತು. ಮೇಲೆ ಹೇಳಿದ ಮೆಟ್ರೋ ಪ್ರಸಂಗದ ಮಾರನೆಯ ದಿನವೇ. ಬೆಸುಗೆ ನಾನೇ ಹಾಕುತ್ತೇನೆ ಎಂದೆ. ಎಂಜಿನಿಯರ್ ಅಲ್ಲವೇ? ಸಿವಿಲ್ ಎಂಜಿನಿಯರ್ ಎಂದು ನೆನಪಿಸುವ ಧೈರ್ಯ ಮನೆಯಲ್ಲಿ ಯಾರೂ ಮಾಡಲಿಲ್ಲ. ಹೊರಗೆ ಪರಾಲಿ, ಅಂದರೆ ಗದ್ದೆಯ ಕೂಳೆ, ಸುಟ್ಟ ಹೊಗೆ ತುಂಬಿ ಗಾಳಿಯ ಸೂಚ್ಯಂಕ ನಾನೂರು ದಾಟಿದ್ದರಿಂದ ಕಿಟಕಿಗಳೆಲ್ಲ ಬಿಗಿ. ಐದು ವೈರುಗಳ ತುದಿ ಸುಲಿದು, ಮೂಗಿನ ಮೇಲೆ ಓದುವ ಕನ್ನಡಕ ಏರಿಸಿ, ಬೆಸುಗೆ ಕಡ್ಡಿ ಊರಿದೆ. ಹೊಗೆ ಎದ್ದಿತು. ಅಲ್ಲಿಯವರೆಗೆ ಹಸಿರಾಗಿದ್ದ ಏರ್ ಪ್ಯೂರಿಫೈಯರು ಕೆಂಪಾಗಿ, ಪಾಕಿಸ್ತಾನದ ಮೇಲೆ ವಿಮಾನ ಹೊರಟ ಹಾಗೆ ಆರ್ಭಟಿಸತೊಡಗಿತು. ಇವಳು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. “ಹೊರಗೆ ಪರಾಲಿ, ಒಳಗೆ ನೀವು.”

ಆ ದಿನದಿಂದ ಮೂರು ತಿಂಗಳು ನನ್ನ ಬಾಳಿನ ಸುವರ್ಣಯುಗ. ಮನೆಗೆ ಬಂದವರನ್ನೆಲ್ಲ ಕೂರಿಸಿ ಭಾಷಣ ಮಾಡಿದೆ. ಆರ್.ಕೆ. ಪುರದ ಕರ್ನಾಟಕ ಸಂಘದಲ್ಲಿ ನಾಟಕ ನೋಡಿಕೊಂಡು ನಮ್ಮಲ್ಲಿ ಉಳಿಯಲು ಬಂದಿದ್ದ ಷಡ್ಡಕನಿಗೆ, ಊಟಕ್ಕೆ ಮುಂಚೆ ಅರ್ಧ ಗಂಟೆ, ಊಟವಾದ ಮೇಲೆ ಮುಕ್ಕಾಲು ಗಂಟೆ. “ನೋಡು, ನಾಬ್ ಒತ್ತಿದೀನಿ. ತುಂಬಿಕೊಂಡಿದೆ ಅಲ್ವಾ? ಈಗ ಎಳೆದೆ. ಗಾಳಿ ಆಡಿತಲ್ಲ?” ಷಡ್ಡಕ ಹೌದೆಂದ. ಅವನಿಗೆ ಊಟ ಬೇಕಿತ್ತು. ಲಿಯೋ ಫೆಂಡರ್ ಕಥೆಯನ್ನೂ ಹೇಳಿದೆ: 1954ರಲ್ಲಿ ಸ್ಟ್ರಾಟೋಕ್ಯಾಸ್ಟರನ್ನು ಲೋಕಕ್ಕೆ ಕೊಟ್ಟವನಿಗೆ ಗಿಟಾರ್ ನುಡಿಸಲೇ ಬರುತ್ತಿರಲಿಲ್ಲ! ಅವನು ಮೂರು ಪಿಕಪ್ಪಿಗೆ ಮೂರು ಸ್ಥಾನದ ಸ್ವಿಚ್ ಕೊಟ್ಟರೆ, ವಾದಕರು ಸ್ವಿಚ್ಚನ್ನು ಎರಡು ಸ್ಥಾನಗಳ ಮಧ್ಯೆ ಸಿಕ್ಕಿಸಿ ಹೊಸ ನಾದ ತೆಗೆದರು. ಮೆಟ್ರೋದಲ್ಲಿ “ಭಯ್ಯಾ, ಥೋಡಾ ಖಿಸಕನಾ” ಎಂದು ಇಲ್ಲದ ಸೀಟು ಹುಟ್ಟಿಸುತ್ತಾರಲ್ಲ, ಹಾಗೆ. 1977ರಲ್ಲಿ ಕಂಪನಿಯೇ ಸೋತು ಐದು ಸ್ಥಾನದ ಸ್ವಿಚ್ ಕೊಟ್ಟಿತು.

“ನುಡಿಸೋಕೆ ಬರದಿದ್ರೂ ಅವನು ಒಂದು ಗಿಟಾರ್ ಮಾಡಿದ” ಎಂದಳು ಇವಳು, ಸಾರು ಬಡಿಸುತ್ತ. ಮುಂದೇನೂ ಹೇಳಲಿಲ್ಲ.

ಅಮ್ಮ ಮಾತ್ರ ಆಗಾಗ, “ಗುಂಯ್ ಇದ್ದೇ ಇದೆಯಲ್ಲೋ” ಅನ್ನುತ್ತಿದ್ದಳು. “ಅದು ನಿನ್ನ ಮಿಷನ್ನಿನದು ಅಮ್ಮಾ” ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಹತ್ತು ಸಾವಿರ ಕೊಟ್ಟ ಮೇಲೆ ನನಗೆ ಗುಂಯ್ ಕೇಳಿಸುವುದೇ ನಿಂತುಹೋಗಿತ್ತು.

ಬಂಡವಾಳ ಬಯಲಾದದ್ದು ಮಗಳಿಂದ. ಒಂದು ಭಾನುವಾರ ಅವಳು ನನ್ನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ, ತಾನೇ ತಂತಿ ಮೀಟಿ, “ಈಗ ಒತ್ತಿದೀನೋ ಎಳೆದಿದೀನೋ ಹೇಳು” ಎಂದಳು. ಹತ್ತು ಸಲ ಕೇಳಿದಳು, ಹತ್ತು ಸಲವೂ ಖಚಿತವಾಗಿ ಹೇಳಿದೆ. ನಾಲ್ಕು ಸರಿಯಾಯಿತು. “ಅಪ್ಪಾ, ಕಣ್ಣುಮುಚ್ಚಿ ಟಿಕ್ ಹಾಕಿದ್ರೂ ಐದು ಬರುತ್ತೆ.”

ಮಾಮೂರಾ ಹಳ್ಳಿಯ ಗಲ್ಲಿಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಕೂಲರು, ಸೀಲಿಂಗ್ ಫ್ಯಾನು, ನೀರಿನ ಪಂಪು ಸುಟ್ಟರೆ ಅಲ್ಲಿ ಹೊಸ ತಾಮ್ರ ಸುತ್ತಿಕೊಡುತ್ತಾರೆ. ಸುರುಳಿಯ ವಿಷಯ ಇನ್ಯಾರಿಗೆ ಗೊತ್ತಿರಬೇಕು ಎಂದು ಗಿಟಾರನ್ನು ಚಾದರದಲ್ಲಿ ಸುತ್ತಿ ಹೊತ್ತೊಯ್ದೆ. ಅಂಗಡಿಯಾತ ಮೇಲಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಪಿಕಪ್ಪನ್ನು ಬೆರಳಲ್ಲಿ ತಟ್ಟಿ ಕೇಳಿದ: “ಯೇ ಕಿಸ್ ಪಂಖೇ ಕಾ ಹೈ, ಸಾಬ್?”

ಯಾವ ಫ್ಯಾನಿನದೂ ಅಲ್ಲ ಎಂದು ವಿವರಿಸಹೊರಟೆ. ಫ್ಯಾರಡೆವರೆಗೆ ಹೋಗುವಷ್ಟರಲ್ಲಿ ಅವನು ಮಲ್ಟಿಮೀಟರಿನ ಕಡ್ಡಿ ಊರಿಯಾಗಿತ್ತು. ಪೊಟ್ಟಣದ ಚೀಟಿಯಲ್ಲಿ ಹತ್ತು ಕಿಲೋ ಓಮ್ ಎಂದಿತ್ತು. ಮೀಟರು ತೋರಿಸಿದ್ದು ಐದು. “ಆಧಾ ಹೀ ಚಲ್ ರಹಾ ಹೈ” ಅಂದ. ಅರ್ಧವೇ ಕೆಲಸ ಮಾಡುತ್ತಿದೆ. ನನ್ನ ಬೆಸುಗೆಯ ಒಂದು ತೊಟ್ಟು, ಸಾಸಿವೆಯಷ್ಟು, ಎರಡು ಸುರುಳಿಗಳ ನಡುವಿನ ಕೊಂಡಿಯನ್ನು ನೆಲದ ವೈರಿಗೆ ಅಂಟಿಸಿಬಿಟ್ಟಿತ್ತು. ಹಾಗಾಗಿ ಒಂದು ಸುರುಳಿ ಮೂರು ತಿಂಗಳಿಂದ ಮಲಗಿತ್ತು. ನಾಬ್ ಒತ್ತಿದರೂ ಅದೇ, ಎಳೆದರೂ ಅದೇ. ತುಂಬಿಕೊಂಡದ್ದೂ ಗಾಳಿಯಾಡಿದ್ದೂ ಎಲ್ಲ ನನ್ನ ತಲೆಯಲ್ಲಿ.

ಅವನು ಕಡ್ಡಿ ಕಾಯಿಸಿ, ತೊಟ್ಟನ್ನು ಎಳೆದು ತೆಗೆದು, ಉಫ್ ಎಂದು ಊದಿದ. ಮೀಟರು ಹತ್ತಕ್ಕೆ ಏರಿತು. ಎಷ್ಟಾಯಿತು ಎಂದೆ. ಐವತ್ತು ರೂಪಾಯಿ. ಹಾಗೆಯೇ, “ಸಾಬ್, ಬೆಸುಗೆ ಯಾರು ಹಾಕಿದ್ದು?” ಎಂದು ಹಿಂದಿಯಲ್ಲಿ ಕೇಳಿದ. ಯಾರೋ ಮೆಕ್ಯಾನಿಕ್ ಎಂದೆ. ಇನ್ನು ಅವನ ಹತ್ತಿರ ಹೋಗಬೇಡಿ ಎಂದು ಬುದ್ಧಿ ಹೇಳಿ ಕಳಿಸಿದ.

ಆ ಸಂಜೆ ಎಲ್ಲರನ್ನೂ ಹಾಲಿಗೆ ಕರೆದೆ. ಇನ್ವರ್ಟರಿನ ಪಕ್ಕದ ಅದೇ ಮೂಲೆ, ಅದೇ ಸ್ಟೂಲು. ಸ್ವಿಚ್ಚನ್ನು ಹೊಸ ಪಿಕಪ್ಪಿಗೆ ತಿರುಗಿಸಿ, ನಾಬ್ ಒತ್ತಿ, ಆಂಪ್ ಹಚ್ಚಿದೆ. ಏನೂ ಕೇಳಿಸಲಿಲ್ಲ. ಮೂಲೆಯಲ್ಲಿ ಇನ್ವರ್ಟರ್ ಇದೆಯೋ ಇಲ್ಲವೋ ಅನ್ನುವಷ್ಟು ಮೌನ. ಇವಳೂ ಒಂದು ಕ್ಷಣ ತಲೆದೂಗಿದಳು.

ದಿವಾನದ ತುದಿಯಿಂದ ಅಮ್ಮ ಕೇಳಿದಳು. “ಶ್ರುತಿ ಎಲ್ಲೋ?”

“ಯಾವ ಶ್ರುತಿ ಅಮ್ಮಾ?”

“ದಿನಾ ಹಾಕ್ತಿದ್ದೆಯಲ್ಲ, ಐದು ಮನೆ ಶ್ರುತಿ. ಅದು ಇಲ್ದೆ ನಾನು ಹೇಗೆ ಹಾಡಿಕೊಳ್ಳಲಿ?”

ಇವಳೂ ಮಗಳೂ ನನ್ನ ಮುಖ ನೋಡಿದರು. ಒಂದೂವರೆ ವರ್ಷದಿಂದ ಅಮ್ಮ ಕಿವಿಗೊಟ್ಟಿದ್ದು ನನ್ನ ಬೆರಳಿಗಲ್ಲ, ಗೋಡೆಗೆ. ನಾನು ಯಾವುದನ್ನು ಓಡಿಸಲು ಹತ್ತು ಸಾವಿರ ಸುರಿದೆನೋ ಅದನ್ನೇ ಅವಳು ತಂಬೂರಿ ಮಾಡಿಕೊಂಡಿದ್ದಳು. ಮಾತಾಡದೆ ನಾಬ್ ಎಳೆದೆ. ಒಂದು ಸುರುಳಿ ಮಲಗಿತು. ಗುಂಯ್ ತಿರುಗಿ ಬಂತು.

“ಹಾಂ. ಈಗ ಸ್ವಲ್ಪ ಎಡಕ್ಕೆ ತಿರುಗು. ಅಷ್ಟು ಬೇಡ. ಸಾಕು.” ಗಿಟಾರ್ ತಿರುಗಿದ ದಿಕ್ಕಿಗೆ ತಕ್ಕಂತೆ ಗುಂಯ್ ಏರಿಳಿಯುತ್ತದೆ. ಅಮ್ಮ ನನ್ನನ್ನೇ ತಿರುಗಿಸಿ ತಂಬೂರಿ ಹದ ಮಾಡಿಕೊಂಡಳು. ಆಮೇಲೆ ಕಣ್ಣು ಮುಚ್ಚಿ ಕಲ್ಯಾಣಿ ಎತ್ತಿದಳು. ಎಂಬತ್ತು ವರ್ಷದ ಕಂಠ, ಮೇಲೆ ಹೋದಾಗ ನಡುಗುತ್ತಿತ್ತು. ಆದರೂ ಇಳಿಯುವಾಗ ಷಡ್ಜಕ್ಕೆ ಬಂದು ಕೂರುವುದು ತಪ್ಪಲಿಲ್ಲ. ಇವಳು ಅಡಿಗೆಮನೆಗೆ ಹೋಗಿ ಒಲೆ ಆರಿಸಿ ಬಂದು ನೆಲದ ಮೇಲೆ ಕೂತಳು. ಮಗಳು ಮೊಬೈಲನ್ನು ಮಗುಚಿಟ್ಟಳು.

ನನ್ನ ಕೈ ಸುಮ್ಮನಿರಲಾರದೆ ತಂತಿಗಳ ಕಡೆ ಸರಿಯಿತು. ಅಮ್ಮ ಕಣ್ಣು ಬಿಡದೆಯೇ ಹೇಳಿದಳು.

“ತಂತಿ ಮುಟ್ಟಬೇಡ ಮಗು. ಸುಮ್ಮನೆ ಹಿಡ್ಕೊಂಡು ಕೂತ್ಕೋ.”

ಆವತ್ತಿನಿಂದ ದಿನಾ ಸಂಜೆ ಆರಕ್ಕೆ ಹಾಗೇ ಕೂರುತ್ತಿದ್ದೇನೆ.